ಹನ್ನೆರಡು ಕೆಳಗಿರುವ ವಾಚು

ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದವನಿಗೆ ಎಚ್ಚರವಾದಾಗ ಕೋಣೆಯೆಲ್ಲ ಮಬ್ಬು. ಹಗಲು ನಿದ್ದೆಗೆಂದೇ ಕಿಟಕಿಗೆ ದಪ್ಪ ಪರದೆ ಹಾಕಿಸಿದ್ದೇನೆ, ಹೊರಗೆ ಹೊತ್ತು ಎಷ್ಟಾಗಿದೆಯೋ ಗೊತ್ತಾಗುವುದಿಲ್ಲ. ದಿಂಬಿನ ಪಕ್ಕದ ವಾಚು ಎತ್ತಿ ನೋಡಿದೆ. ಎರಡು ಮುಳ್ಳೂ ಒಂದರ ಮೇಲೊಂದು ಬಿದ್ದು ನೆಟ್ಟಗೆ ಕೆಳಕ್ಕೆ ಜೋತಾಡುತ್ತಿವೆ. ಆರೂವರೆ! ಐದೂವರೆಗೆ ಮಗಳನ್ನು ಡ್ಯಾನ್ಸ್ ಕ್ಲಾಸಿಗೆ ಬಿಡುತ್ತೇನೆ ಅಂತ ಮಾತು ಕೊಟ್ಟಿದ್ದೆ. ಲುಂಗಿ ಸರಿಮಾಡಿಕೊಳ್ಳುತ್ತ ಹೊರಗೆ ಓಡಿ ಬಂದರೆ ಅಂಗಳದ ತುಂಬ ಸುಡುಬಿಸಿಲು, ಹೆಂಡತಿ ಕುಕ್ಕರಿನ ಸೀಟಿ ಎಣಿಸುತ್ತ ನಿಂತಿದ್ದಾಳೆ.

"ಯಾಕ್ರೀ ಇಷ್ಟು ಬೇಗ ಎದ್ರಿ? ಇನ್ನೂ ಹನ್ನೆರಡೂವರೆ."

ವಾಚು ಹೇಳಿದ್ದೂ ಹನ್ನೆರಡೂವರೆಯನ್ನೇ. ಓದಲು ಬರದಿದ್ದದ್ದು ನನಗೆ. ನನ್ನ ವಾಚಿನಲ್ಲಿ ಗಂಟೆ ಮುಳ್ಳು ದಿನಕ್ಕೆ ಎರಡು ಸುತ್ತು ಹಾಕುವುದಿಲ್ಲ, ಒಂದೇ ಸುತ್ತು. ಡಯಲ್ ಮೇಲೆ 1ರಿಂದ 24ರವರೆಗೆ ಅಂಕಿಗಳಿವೆ. ನೆತ್ತಿಯ ಮೇಲೆ 24, ಬಲಕ್ಕೆ 6, ಎಡಕ್ಕೆ 18, ಕಾಲಡಿಯಲ್ಲಿ 12. ನಡುರಾತ್ರಿಯಲ್ಲಿ ಮುಳ್ಳು ಮೇಲೆ, ನಡುಹಗಲಲ್ಲಿ ಕೆಳಗೆ. ನಿಮಿಷದ ಮುಳ್ಳು ಮಾತ್ರ ಎಲ್ಲ ವಾಚಿನ ಹಾಗೆ ಗಂಟೆಗೊಂದು ಸುತ್ತು. ಹೀಗಾಗಿ ಹನ್ನೆರಡೂವರೆಗೆ ಇದರ ಮುಖ ಬೇರೆ ವಾಚುಗಳ ಆರೂವರೆಯ ಮುಖದ ತದ್ರೂಪು. ಆಮೇಲೆ ಕಾಗದದ ಮೇಲೆ ಕೋನ ಹಾಕಿ ನೋಡಿದೆ: ಗಂಟೆ ಮುಳ್ಳಿನಲ್ಲಿ ಏಳೂವರೆ ಡಿಗ್ರಿ ವ್ಯತ್ಯಾಸ, ಅಷ್ಟೇ. ನಿದ್ದೆಗಣ್ಣಿಗೆ ಕಾಣುವಷ್ಟಲ್ಲ.

ನಾನು ತುಮಕೂರು ಕಡೆ 220 ಕೆವಿ ವಿದ್ಯುತ್ ರಿಸೀವಿಂಗ್ ಸ್ಟೇಷನ್ ಒಂದರಲ್ಲಿ ಶಿಫ್ಟ್ ಆಪರೇಟರ್. ಬೆಳಿಗ್ಗೆ 6ರಿಂದ 14, 14ರಿಂದ 22, 22ರಿಂದ 6, ಹೀಗೆ ಮೂರು ಪಾಳಿ. ಗಂಟೆಗೊಮ್ಮೆ ಲಾಗ್ ಶೀಟ್‌ನಲ್ಲಿ ವೋಲ್ಟೇಜು, ಆಂಪ್ಸು, ಮೆಗಾವಾಟು, ಟ್ರಾನ್ಸ್‌ಫಾರ್ಮರಿನ ಆಯಿಲ್ ಟೆಂಪರೇಚರು ಬರೆಯಬೇಕು. ಶೀಟಿನಲ್ಲಿ ಅಪರಾಹ್ನ, ಪೂರ್ವಾಹ್ನ ಏನೂ ಇಲ್ಲ, 1ರಿಂದ 24ರವರೆಗೆ ಸಾಲುಗಳು. ದುರಸ್ತಿಗೆ ಲೈನ್ ಕ್ಲಿಯರ್ ಕೊಟ್ಟರೂ, ಫೀಡರ್ ಲೈನು ಟ್ರಿಪ್ಪಾದರೂ ಹದಿನೇಳು ಇಪ್ಪತ್ತು, ಇಪ್ಪತ್ತಮೂರು ನಲವತ್ತು ಅಂತಲೇ ಫೋನಿನಲ್ಲಿ ಹೇಳುವುದು. ಇಷ್ಟು ವರ್ಷ ಬಾಯಲ್ಲಿ ಇಪ್ಪತ್ತನಾಲ್ಕರ ಲೆಕ್ಕ ಹೇಳುತ್ತ, ಕೈಯಲ್ಲಿ ಹನ್ನೆರಡರ ವಾಚು ಕಟ್ಟಿಕೊಂಡು ಓಡಾಡಿದೆ. ಒಂದು ರಾತ್ರಿ ಪಾಳಿಯಲ್ಲಿ ಹೊತ್ತು ಹೋಗದೆ ಫೋನು ನೋಡುತ್ತಿದ್ದಾಗ ಹಳೇ ಸೋವಿಯತ್ ವಾಚೊಂದರ ಫೋಟೋ ಕಣ್ಣಿಗೆ ಬಿತ್ತು. ನಮ್ಮ ಲಾಗ್ ಶೀಟನ್ನೇ ದುಂಡಗೆ ಸುತ್ತಿ ಗಾಜು ಹಾಕಿಟ್ಟ ಹಾಗಿತ್ತು.

ಅದರ ಹೆಸರು ರಾಕೆತಾ. ಸೇಂಟ್ ಪೀಟರ್ಸ್‌ಬರ್ಗ್ ಪಕ್ಕದ ಪೀಟರ್‌ಹಾಫ್‌ನಲ್ಲಿ ತಯಾರಾದದ್ದು. ಆ ಕಾರ್ಖಾನೆಗೆ ಬುನಾದಿ ಹಾಕಿದವನು ರಷ್ಯದ ಪೀಟರ್ ದೊರೆ, 1721ರಲ್ಲಿ, ಅರಮನೆಗಳಿಗೆ ಬೇಕಾದ ಕಲ್ಲು ಕೊಯ್ದು ಹೊಳಪು ಕೊಡುವುದಕ್ಕೆ. ಎರಡನೇ ಮಹಾಯುದ್ಧ ಕಳೆದ ಮೇಲೆ ಅಲ್ಲಿ ಕೈಗಡಿಯಾರ ಶುರುವಾಯಿತು. 1961ರಲ್ಲಿ ಗಗಾರಿನ್ ಬಾಹ್ಯಾಕಾಶಕ್ಕೆ ಹೋಗಿ ಬಂದ ಸಂಭ್ರಮದಲ್ಲಿ ರಾಕೆತಾ, ಅಂದರೆ ರಾಕೆಟ್ಟು, ಅನ್ನುವ ಹೆಸರು ಬಂತು. ಇಪ್ಪತ್ತನಾಲ್ಕು ಗಂಟೆಯ ಡಯಲ್ ಹುಟ್ಟಿದ್ದು 1970ರ ಹೊತ್ತಿಗೆ, ಅಂಟಾರ್ಕ್ಟಿಕಾಕ್ಕೆ ಹೋಗುವ ಸೋವಿಯತ್ ತಂಡದವರಿಗಾಗಿ. ಅಲ್ಲಿ ಬೇಸಿಗೆಯಲ್ಲಿ ಸೂರ್ಯ ಮುಳುಗುವುದಿಲ್ಲ, ಚಳಿಗಾಲದಲ್ಲಿ ಹುಟ್ಟುವುದಿಲ್ಲ. ಮಲಗಿ ಎದ್ದವನಿಗೆ ವಾಚಿನಲ್ಲಿ ನಾಲ್ಕು ಗಂಟೆ ಕಂಡರೆ ಅದು ಯಾವ ನಾಲ್ಕು? ಡೇರೆಯಿಂದ ಹೊರಗೆ ತಲೆ ಹಾಕಿದರೂ ಉತ್ತರ ಸಿಗದು. ನಮ್ಮ ದೇಶದ ಮೈತ್ರಿ ಕೇಂದ್ರ ಇರುವ ಶಿರ್ಮಾಕರ್ ಓಯಸಿಸ್‌ನಲ್ಲೇ ರಷ್ಯದವರ ನೊವೊಲಾಜಾರೆವ್ಸ್ಕಾಯಾ ಕೇಂದ್ರವೂ ಇದೆ. ಅಂಥ ಕಡೆಯವರಿಗೆ ಹುಟ್ಟಿದ ವಾಚು ದಪ್ಪ ಪರದೆ ಹಾಕಿಕೊಂಡು ಹಗಲು ಮಲಗುವ ನನ್ನಂಥವನಿಗೆ ಯಾಕೆ ಆಗಬಾರದು?

ಇಲ್ಲಿ ಆನ್‌ಲೈನಿನಲ್ಲಿ ಸಿಗುವುದರಲ್ಲಿ ಎಷ್ಟೋ ಡಯಲ್‌ಗಳು ಮತ್ತೆ ಬಣ್ಣ ಬಳಿದವು. ಎಚ್‌ಎಂಟಿ ಸಂಗ್ರಹಿಸುವವರು ಬಾಂಬೆ ಮಾಲು ಅಂತ ಬೈದುಕೊಳ್ಳುವ ಜಾತಿ: ಹಳದಿ, ಗುಲಾಬಿ ಡಯಲ್ಲು, ಸೊಟ್ಟ ಅಕ್ಷರ. ನನ್ನ ಅದೃಷ್ಟಕ್ಕೆ ಷಡ್ಡಕನ ಮಗ ರಷ್ಯದಲ್ಲಿ ಎಂಬಿಬಿಎಸ್ ಓದುತ್ತಿದ್ದ. ರಜೆಯಲ್ಲಿ ಪೀಟರ್ಸ್‌ಬರ್ಗ್ ನೋಡಲು ಹೋಗುತ್ತೇನೆ ಅಂದ. ಅಲ್ಲಿ ಉದೆಲ್ನಾಯಾ ಅನ್ನುವ ಕಡೆ ಹಳೇ ಸಾಮಾನಿನ ದೊಡ್ಡ ಸಂತೆ ಇದೆ, ಒಂದು ಸುತ್ತು ಹಾಕಿ ಬಾರೋ ಅಂತ ದುಂಬಾಲು ಬಿದ್ದೆ. ಅವನು ಅಲ್ಲಿಂದಲೇ ವಿಡಿಯೋ ಕಾಲ್ ಮಾಡಿದ. ಮಂಜಿನಲ್ಲಿ ಮೂಗು ಕೆಂಪಾಗಿತ್ತು. "ಚಿಕ್ಕಪ್ಪ, ಇದೇನಾ? ಬೇಗ ಹೇಳಿ, ಕೈ ಮರಗಟ್ತಿದೆ." ಕಪ್ಪು ಡಯಲ್ಲು, ಬಿಳೀ ಅಂಕಿ, ಗಾಜಿನ ಮೇಲೆ ಗೀರುಗಳ ಜಾತ್ರೆ. ಕೆಳಗಡೆ ಸಣ್ಣಕ್ಷರದಲ್ಲಿ ಸೋವಿಯತ್ ಒಕ್ಕೂಟದಲ್ಲಿ ತಯಾರಾದದ್ದು ಅಂತ ರಷ್ಯನ್ನಿನಲ್ಲಿದೆ ಅಂತ ಓದಿ ಹೇಳಿದ. ನಾಲ್ಕು ಸಾವಿರ ರೂಬಲ್ಲು. ಆಗ ರೂಬಲ್‌ಗೂ ರೂಪಾಯಿಗೂ ಹೆಚ್ಚುಕಮ್ಮಿ ಒಂದೇ ಬೆಲೆ. ತಗೋ ಅಂದೆ.

ವಾಚು ಮನೆಗೆ ಬಂದ ದಿನ ಮಗಳು ಡಯಲ್ ಮೇಲಿನ ರಷ್ಯನ್ ಅಕ್ಷರಗಳನ್ನು ಇಂಗ್ಲಿಷ್ ಅಂದುಕೊಂಡು "ಪಕೇಟಾ" ಅಂತ ಓದಿದಳು. ರಷ್ಯನ್ನಿನ ರ ನೋಡುವುದಕ್ಕೆ ಇಂಗ್ಲಿಷಿನ ಪಿ ಥರವೇ ಇರುತ್ತದೆ. ಅಂದಿನಿಂದ ಮನೆಯಲ್ಲಿ ಅದಕ್ಕೆ ಪಕೇಟಾ ಅಂತಲೇ ಹೆಸರು. ಹೆಂಡತಿಗೆ ಸಿಟ್ಟು ಬಂದ ದಿನ ಪಾಕೀಟು.

ಓದಲು ಕಲಿಯುವುದು ಅಂದುಕೊಂಡದ್ದಕ್ಕಿಂತ ಕಷ್ಟವಾಯಿತು. ನಾವು ಯಾರೂ ಗಡಿಯಾರದ ಅಂಕಿ ಓದುವುದಿಲ್ಲ, ಮುಳ್ಳು ನಿಂತ ಭಂಗಿ ನೋಡಿ ಹೊತ್ತು ಹೇಳುತ್ತೇವೆ. ಇದು ನನಗೆ ಗೊತ್ತಾಗಿದ್ದೇ ಪಕೇಟಾ ಕಟ್ಟಿದ ಮೇಲೆ. ನಲವತ್ತು ವರ್ಷ ಕಣ್ಣಿಗೆ ಅಂಟಿದ ಭಂಗಿಗಳೆಲ್ಲ ಇಲ್ಲಿ ಸುಳ್ಳು. ಬಲಕ್ಕೆ ನೆಟ್ಟಗೆ ಚಾಚಿದ ಮುಳ್ಳು ಮೂರಲ್ಲ, ಆರು. ಎಡಕ್ಕೆ ಚಾಚಿದ್ದು ಒಂಬತ್ತಲ್ಲ, ಸಂಜೆ ಆರು. ಅದರ ಮೇಲೆ ನಿಮಿಷದ ತಾಪತ್ರಯ ಬೇರೆ. ಕಾಲು ಗಂಟೆ ಆದಾಗ ನಿಮಿಷದ ಮುಳ್ಳು 6ರ ಮೇಲೆ, ಅರ್ಧ ಆದಾಗ 12ರ ಮೇಲೆ, ಮುಕ್ಕಾಲಿಗೆ 18ರ ಮೇಲೆ. ಅಂಕಿಗೊಂದು ಐದು ನಿಮಿಷ ಅನ್ನುವ ಹಳೇ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಎರಡು ಅಂಕಿ ದಾಟಿದರೆ ಐದು ನಿಮಿಷ. ಇನ್ನು ಗಂಟೆ ಮುಳ್ಳು ಗಂಟೆಗೆ ಹದಿನೈದೇ ಡಿಗ್ರಿ ಸರಿಯುವುದರಿಂದ ಎರಡು ಅಂಕಿಗಳ ನಡುವೆ ಜಾಗವೇ ಸಾಲದು. ಒಂದು ತಿಂಗಳು ಯಾರಾದರೂ ಟೈಮೆಷ್ಟು ಅಂದರೆ ನಾನು ಮಣಿಕಟ್ಟು ಕಣ್ಣಿನ ಹತ್ತಿರ ತಂದು, ತುಟಿ ಅಲ್ಲಾಡಿಸಿ, ಲೆಕ್ಕ ಹಾಕಿ ಹೇಳುತ್ತಿದ್ದೆ. ಅಷ್ಟರಲ್ಲಿ ಕೇಳಿದವರು ಫೋನು ತೆಗೆದು ನೋಡಿಕೊಂಡಿರುತ್ತಿದ್ದರು. ಲಾಗ್ ಶೀಟಿಗೆ ನಾನು ಇದನ್ನು ನೋಡಿ ಬರೆಯುವುದಿಲ್ಲ ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಸ್ಟೇಷನ್ನಿನಲ್ಲಿ ಜಿಪಿಎಸ್ ಗಡಿಯಾರವಿದೆ, ಅದೇ ಪ್ರಮಾಣ.

ಮಳೆಗಾಲ ಹಿಡಿಯುವ ಹೊತ್ತಿಗೆ ವಾಚು ಮುಂದಕ್ಕೆ ಓಡಲು ಶುರುಮಾಡಿತು. ಮೊದಲು ಒಂದು ನಿಮಿಷ, ಎರಡು ನಿಮಿಷ. ಒಂದು ದಿನ ನೋಡಿದರೆ ಜಿಪಿಎಸ್‌ಗಿಂತ ಎಂಟು ನಿಮಿಷ ಮುಂದೆ. ಮರುದಿನ ಇನ್ನೂ ಎಂಟು. ಪೇಟೆಯ ಒಂದು ವಾಚು ಅಂಗಡಿಗೆ ಒಯ್ದೆ. ಅಲ್ಲಿನ ಹುಡುಗ ಕಿರೀಟ, ಅಂದರೆ ಪಕ್ಕದ ಕೀ ಗುಂಡಿ, ಎಳೆದು ಮುಳ್ಳು ತಿರುಗಿಸಿ ನೋಡಿದ, ಇನ್ನೊಮ್ಮೆ ತಿರುಗಿಸಿದ, ಹಣೆ ಗಂಟಿಕ್ಕಿದ. "ಸಾರ್, ಪ್ರಾಬ್ಲಂ ಸಿಕ್ತು. ಗಂಟೆ ಮುಳ್ಳು ಅರ್ಧ ಸ್ಪೀಡಲ್ಲಿ ಹೋಗ್ತಿದೆ. ವೀಲ್ ಸವೆದಿದೆ, ಚೇಂಜ್ ಮಾಡ್ಬೇಕು."

ಅದು ಹುಟ್ಟಿದ್ದೇ ಹಾಗೆ ಅಂತ ವಿವರಿಸಿದೆ. ಡಯಲ್ ತೋರಿಸಿದೆ. ಅವನು ತಲೆಯಾಡಿಸಿದ ರೀತಿ ನೋಡಿದರೆ ನನ್ನನ್ನು ಸಮಾಧಾನ ಮಾಡಲು ಆಡಿಸಿದ ಹಾಗಿತ್ತು. ಸರ್ವಿಸ್ ಮಾಡಿ ಕೊಡುತ್ತೇನೆ ಅಂದ. ವಾರ ಬಿಟ್ಟು ಹೋದೆ, ಆರುನೂರು ರೂಪಾಯಿ ಕೊಟ್ಟೆ, ಮನೆಗೆ ತಂದು ನೋಡಿದರೆ ಎರಡು ಕಾಯಿಲೆ. ಮುಂದಕ್ಕೆ ಓಡುವುದು ನಿಂತಿರಲಿಲ್ಲ. ಜೊತೆಗೆ ನಿಮಿಷದ ಮುಳ್ಳು ನೆತ್ತಿಗೆ ಬಂದಾಗ ಗಂಟೆ ಮುಳ್ಳು ಯಾವ ಅಂಕಿಯ ಮೇಲೂ ನಿಲ್ಲದೆ ಎರಡರ ನಡುವೆ ನಿಲ್ಲುತ್ತಿತ್ತು. ಮೂರು ಗಂಟೆಯೋ ನಾಲ್ಕು ಗಂಟೆಯೋ? ಬೇರೆ ವಾಚಿನಲ್ಲಿ ಮುಳ್ಳು ಕೂರಿಸುವಾಗ ಏಳು ಡಿಗ್ರಿ ಆಚೀಚೆ ಆದರೆ ಕಾಲು ಗಂಟೆಯ ಸೊಟ್ಟು, ಯಾರೂ ಗಮನಿಸುವುದಿಲ್ಲ. ಇದರಲ್ಲಿ ಅಷ್ಟೇ ಸೊಟ್ಟಕ್ಕೆ ಅರ್ಧ ಗಂಟೆ ಹೋಗುತ್ತದೆ.

ನಮ್ಮ ಸ್ಟೇಷನ್ನಿನ ಹಿರಿಯರೊಬ್ಬರು ಇನ್ನೊಬ್ಬರ ಹೆಸರು ಹೇಳಿ ಕಳಿಸಿದರು. ತುಮಕೂರಿನ ಎಚ್‌ಎಂಟಿ ವಾಚು ಕಾರ್ಖಾನೆ 1978ರಲ್ಲಿ ಶುರುವಾಗಿದ್ದು. ಇವರು ಅಲ್ಲಿ ವಾಚು ಜೋಡಿಸುವ ವಿಭಾಗದಲ್ಲಿ ಇದ್ದು, ವಿಆರ್‌ಎಸ್ ತಗೊಂಡು, ಮನೆಯ ಮುಂಭಾಗದಲ್ಲೇ ಒಂದು ಮೇಜು ಹಾಕಿಕೊಂಡವರು. ಬೋರ್ಡಿಲ್ಲ. ಕಿಟಕಿ ಪಕ್ಕ ಮೇಜು, ಅದರ ಮೇಲೆ ಬಿಳೀ ಹಾಳೆ, ಗಾಜಿನ ಗುಮ್ಮಟಗಳಡಿ ಬಿಚ್ಚಿಟ್ಟ ಯಂತ್ರಗಳು, ತೊಳೆಯುವ ಪೆಟ್ರೋಲಿನ ವಾಸನೆ. ಅವರು ಕಣ್ಣಿಗೆ ಗ್ಲಾಸು ಸಿಕ್ಕಿಸಿಕೊಂಡು ಪಕೇಟಾದ ಬೆನ್ನು ಬಿಚ್ಚಿದರು. ತುಸು ಹೊತ್ತು ಮಾತೇ ಇಲ್ಲ. ಆಮೇಲೆ ತಮ್ಮಷ್ಟಕ್ಕೆ ನಕ್ಕರು.

"ಎಲ್ಲಾ ಮಾಮೂಲಿ ರಾಕೆತಾನೇ ಸ್ವಾಮಿ. ಡಯಲ್ ಕೆಳಗೆ ಮಾತ್ರ ಆಟ ಆಡಿದಾರೆ."

ಮುಳ್ಳು ತೆಗೆದು, ಡಯಲ್ ತೆಗೆದು, ಚಿಮಟದ ತುದಿಯಿಂದ ತೋರಿಸಿದರು. ಸ್ಪ್ರಿಂಗಿನಿಂದ ಹಿಡಿದು ನಿಮಿಷದ ಮುಳ್ಳಿನವರೆಗೆ ಎಲ್ಲ ವಾಚಿನಂತೆಯೇ. ಆದರೆ ನಿಮಿಷದ ಮುಳ್ಳಿನಿಂದ ಗಂಟೆ ಮುಳ್ಳಿಗೆ ಚಲನೆ ದಾಟಿಸುವ ಪುಟ್ಟ ಚಕ್ರಗಳ ಹಲ್ಲಿನ ಲೆಕ್ಕ ಬೇರೆ. ಎಚ್‌ಎಂಟಿ ಜನತಾದಲ್ಲಿ ಹನ್ನೆರಡಕ್ಕೆ ಒಂದು ಸುತ್ತು, ಇಲ್ಲಿ ಇಪ್ಪತ್ತನಾಲ್ಕಕ್ಕೆ ಒಂದು. ಎರಡು ಮೂರು ಚಕ್ರ ಬದಲಿಸಿ ದಿನದ ಆಕಾರವನ್ನೇ ಬದಲಿಸಿದ್ದಾರಲ್ಲ ಅಂತ ನಾನು ಬೆರಗಾದರೆ, ಅವರಿಗೆ ಬೆರಗೇನೂ ಇಲ್ಲ. "ಇದಕ್ಕಿಂತ ವಿಚಿತ್ರದ್ದು ತೋರಿಸ್ತೀನಿ ಇರಿ," ಅಂತ ಡ್ರಾಯರಿನಿಂದ ಒಂದು ವಾಚು ತೆಗೆದರು. "ಕಣ್ಮುಚ್ಚಿ."

ಮುಚ್ಚಿದೆ. ಕೈಯಲ್ಲಿ ತಣ್ಣನೆಯ ಲೋಹ. ಅವರು ನನ್ನ ಹೆಬ್ಬೆರಳು ಹಿಡಿದು ಏನನ್ನೋ ಒತ್ತಿಸಿದರು, ಟಪ್ಪಂತ ಮುಚ್ಚಳ ತೆರೆಯಿತು. ಗಾಜಿಲ್ಲ. ಬೆರಳ ತುದಿಗೆ ಸುತ್ತಲೂ ಉಬ್ಬು ಚುಕ್ಕೆಗಳು, ನಡುವೆ ಎರಡು ದಪ್ಪ ಮುಳ್ಳು. ಎಚ್‌ಎಂಟಿಯ ಬ್ರೇಲ್ ವಾಚು, ಕಣ್ಣು ಕಾಣದವರಿಗಾಗಿ ಮಾಡಿದ್ದು. ಮುಳ್ಳು ತಪ್ಪಿ ಸರಿದೀತು ಅಂತ ನಾನು ಹೆದರಿ ಹೆದರಿ ಮುಟ್ಟುತ್ತಿದ್ದೆ. "ಗಟ್ಟಿಯಾಗೇ ಸವರಿ, ಅದಕ್ಕೇ ಮಾಡಿರೋದು," ಅಂದರು. ಎರಡು ಮೂರು ಸಲ ಸವರಿ ಹತ್ತೂ ಹತ್ತು ಅಂದೆ. ಕಣ್ಣು ಬಿಟ್ಟರೆ ಎರಡು ಗಂಟೆಗೆ ಹತ್ತು ನಿಮಿಷ ಕಮ್ಮಿ. ಮುಳ್ಳು ಅದಲುಬದಲು ಮಾಡಿಕೊಂಡಿದ್ದೆ. ಇಲ್ಲೂ ನನಗೆ ಓದು ಬರಲಿಲ್ಲ ಅನ್ನಿ.

ಕಾಯಿಲೆ ಹೇಳಿದೆ. ಕಾರಣವನ್ನೂ ನಾನೇ ಹೇಳಿದೆ: 220 ಕೆವಿ ಯಾರ್ಡಿನಲ್ಲಿ ಓಡಾಡುತ್ತೇನೆ, ಬಸ್‌ಬಾರಿನ ಕೆಳಗೆ, ಟ್ರಾನ್ಸ್‌ಫಾರ್ಮರಿನ ಪಕ್ಕ, ಅಯಸ್ಕಾಂತ ಹತ್ತಿರಬೇಕು. ಅವರು ಮೇಜಿನ ಮೂಲೆಯಿಂದ ಮಕ್ಕಳ ಆಟಿಕೆಯಂಥ ಸಣ್ಣ ದಿಕ್ಸೂಚಿ ತೆಗೆದು ವಾಚಿನ ಮೇಲೆ ಹಿಡಿದರು. ಸೂಜಿ ಗಿರ್ರನೆ ತಿರುಗಿತು. ಅಯಸ್ಕಾಂತ ಹತ್ತಿರುವುದು ನಿಜ. ಆದರೆ ಅವರು ನನ್ನನ್ನೇ ನೋಡುತ್ತ ಕೇಳಿದರು:

"ನಿಮ್ಮ ಯಾರ್ಡಲ್ಲಿರೋದು ಎಸಿ ಕರೆಂಟು ತಾನೇ ಸ್ವಾಮಿ?"

ನನಗೆ ಮುಖ ಎಲ್ಲಿಡಲಿ ಅನ್ನಿಸಿತು. ಇಪ್ಪತ್ತು ವರ್ಷ ಕರೆಂಟಿನ ಜೊತೆ ಬಾಳ್ವೆ ಮಾಡಿದವನು ನಾನು. ಸೆಕೆಂಡಿಗೆ ಐವತ್ತು ಆವರ್ತನದಲ್ಲಿ ದಿಕ್ಕು ಬದಲಿಸುವ ಕ್ಷೇತ್ರ, ಅದೂ ನಾವು ಓಡಾಡುವ ದೂರದಲ್ಲಿ ತೀರಾ ದುರ್ಬಲ, ಅದರಿಂದ ಉಕ್ಕು ಕಾಯಂ ಅಯಸ್ಕಾಂತವಾಗುವುದಿಲ್ಲ. ಅದಕ್ಕೆ ಒಂದೇ ದಿಕ್ಕಿನ ಗಟ್ಟಿ ಕ್ಷೇತ್ರ ತೀರಾ ಹತ್ತಿರದಲ್ಲಿರಬೇಕು. ರಾತ್ರಿ ವಾಚು ಎಲ್ಲಿಡುತ್ತೀರಿ ಅಂತ ಕೇಳಿದರು. ದಿಂಬಿನ ಪಕ್ಕ, ಫೋನಿನ ಮೇಲೆ. ಫೋನು ತೋರಿಸಿ ಅಂದರು. ಹೊಸದಾಗಿ ಹಾಕಿಸಿದ್ದ ಪುಸ್ತಕದಂಥ ಕವರು, ಮುಚ್ಚಿದರೆ ಟಕ್ಕಂತ ಕಚ್ಚಿಕೊಳ್ಳುವ ಪಟ್ಟಿ. ಆ ಪಟ್ಟಿಯ ಹತ್ತಿರ ದಿಕ್ಸೂಚಿ ತಂದಾಗ ಸೂಜಿ ಅಲ್ಲೇ ಗೋಣು ಹಾಕಿಕೊಂಡು ನಿಂತುಬಿಟ್ಟಿತು.

ವಾಚಿನ ಜೀವ ಕೂದಲೆಳೆಯಂಥ ಸುರುಳಿ ಸ್ಪ್ರಿಂಗಿನಲ್ಲಿ. ಅದರ ಬಿಗಿಯಲ್ಲಿ ಬ್ಯಾಲೆನ್ಸ್ ಚಕ್ರ ಅತ್ತಿತ್ತ ತೂಗಿ, ಈ ವಾಚಿನಲ್ಲಿ ಗಂಟೆಗೆ 18,000 ಸಲ, ಅಂದರೆ ಸೆಕೆಂಡಿಗೆ ಐದು ಸಲ, ಟಿಕ್ ಅನ್ನುತ್ತದೆ. ಸುರುಳಿಗೆ ಅಯಸ್ಕಾಂತ ಹತ್ತಿದರೆ ಅದರ ಸುತ್ತುಗಳು ಒಂದಕ್ಕೊಂದು ಅಂಟುತ್ತವೆ; ಸ್ಪ್ರಿಂಗು ಗಿಡ್ಡವಾದಂತೆ ಆಗಿ ತೂಗಾಟ ಜೋರಾಗುತ್ತದೆ. ದಿನಕ್ಕೆ ಎಂಟು ನಿಮಿಷ ಮುಂದೆ ಅಂದರೆ ಗಂಟೆಗೆ ಸುಮಾರು ನೂರು ಟಿಕ್ ಹೆಚ್ಚು, ಅಷ್ಟೇ. ಇದಕ್ಕೆ ಮದ್ದು ಅಂತ ಅವರು ತೆಗೆದದ್ದು ನೀಲಿ ಬಣ್ಣದ ಪ್ಲಾಸ್ಟಿಕ್ ಡಬ್ಬಿ. ಒಳಗೆ ತಂತಿಯ ಸುರುಳಿ, ಪ್ಲಗ್ಗು, ಒಂದು ಕೆಂಪು ಗುಂಡಿ. ವಾಚನ್ನು ಅದರ ಮೇಲಿಟ್ಟು ಗುಂಡಿ ಒತ್ತಿ ಹಿಡಿದು, ನಿಧಾನ ಒಂದು ಮೊಳ ದೂರ ಎತ್ತಿಕೊಂಡು ಹೋಗಿ ಗುಂಡಿ ಬಿಟ್ಟರು. ಅಷ್ಟೇ ಚಿಕಿತ್ಸೆ. ಆ ಸುರುಳಿಗೆ ಕೊಡುವುದೂ ಎಸಿಯನ್ನೇ! ದಿಕ್ಕು ಬದಲಿಸುತ್ತಲೇ ದುರ್ಬಲವಾಗುತ್ತ ಹೋಗುವ ಕ್ಷೇತ್ರ ಉಕ್ಕಿನಲ್ಲಿ ಉಳಿದ ಅಯಸ್ಕಾಂತವನ್ನು ಸೊನ್ನೆಗೆ ಇಳಿಸುತ್ತದೆ. ನಾನು ಅಪರಾಧಿ ಅಂದುಕೊಂಡವನೇ ವೈದ್ಯನಾಗಿದ್ದ.

ಆಮೇಲೆ ಮುಳ್ಳು ಕೂರಿಸುವ ಕೆಲಸ. ಅವರು ಎರಡೂ ಮುಳ್ಳನ್ನು 24ರ ಮೇಲೆ ಒಂದರ ಮೇಲೊಂದು ಗೆರೆ ಹೊಂದಿಸಿ ಒತ್ತಿದರು. ಕಿರೀಟ ತಿರುಗಿಸಿ 6ಕ್ಕೆ ತಂದು ನೋಡಿದರು, 12ಕ್ಕೆ, 18ಕ್ಕೆ. 18ರಲ್ಲಿ ಕೂದಲಷ್ಟು ಆಚೆ ಇತ್ತು. ತೆಗೆದು ಮತ್ತೆ ಕೂರಿಸಿದರು. ಮೂರನೇ ಸಲ ಒಪ್ಪಿಗೆಯಾಯಿತು. ಎಷ್ಟು ಕೊಡಲಿ ಅಂದರೆ ಇನ್ನೂರು ಅಂದರು. ಇದರ ಬಿಡಿಭಾಗ ಸಿಗುತ್ತಾ ಅಂತ ಕೇಳಿದೆ. "ಎಚ್‌ಎಂಟಿ ಭಾಗಗಳಿಗೇ ಹುಡುಕಾಡ್ಬೇಕು ಈಗ," ಅಂದರು. ವಾಚು ಕಂಪನಿ ಮುಚ್ಚುವ ತೀರ್ಮಾನ ಆದದ್ದು 2016ರಲ್ಲಿ. ಅದರ ಬಗ್ಗೆ ಅವರು ಮಾತು ಬೆಳೆಸಲಿಲ್ಲ, ನಾನೂ ಕೇಳಲಿಲ್ಲ.

ಬರುವಾಗ ಅಂಥದ್ದೇ ಒಂದು ದಿಕ್ಸೂಚಿ ಕೊಂಡೆ, ಫೋನಿನ ಕವರು ಕಿತ್ತು ಬಿಸಾಡಿದೆ. ದಿಕ್ಸೂಚಿ ಬೇಕಿದ್ದದ್ದು ಇನ್ನೊಂದು ಕಾರಣಕ್ಕೆ. ಇಪ್ಪತ್ತನಾಲ್ಕು ಗಂಟೆ ವಾಚಿನಿಂದ ದಿಕ್ಕು ನೋಡಬಹುದು ಅಂತ ಓದಿದ್ದೆ. ಗಂಟೆ ಮುಳ್ಳನ್ನು ಸೂರ್ಯನ ಕಡೆ ತಿರುಗಿಸಿ ಹಿಡಿದರೆ 24 ಉತ್ತರ ತೋರಿಸುತ್ತದಂತೆ. ಗಂಟೆಗೆ ಹದಿನೈದು ಡಿಗ್ರಿ ಅಂದರೆ ಭೂಮಿ ತಿರುಗುವ ವೇಗವೇ, ಹಾಗಾಗಿ ಲೆಕ್ಕ ಸರಿ ಅನ್ನಿಸುತ್ತದೆ. ಸೆಪ್ಟೆಂಬರಿನ ಒಂದು ಬೆಳಿಗ್ಗೆ ಒಂಬತ್ತೂಕಾಲಿಗೆ ತಾರಸಿ ಹತ್ತಿ ಹಿಡಿದೆ. ಮೂವತ್ತು ಡಿಗ್ರಿಗಿಂತ ಹೆಚ್ಚು ತಪ್ಪು! ಉತ್ತರ ಅಂತ ಅದು ತೋರಿಸಿದ್ದು ಎದುರು ಮನೆಯ ನೀರಿನ ಟ್ಯಾಂಕು, ನಿಜವಾದ ಉತ್ತರ ಪಕ್ಕದ ಬೇವಿನ ಮರದ ಕಡೆ.

ಯೋಚನೆ ಮಾಡಿದರೆ ತಪ್ಪು ವಾಚಿನದ್ದಲ್ಲ, ನಮ್ಮ ಊರಿನದ್ದು. ರಷ್ಯದಂಥ ಕಡೆ ಸೂರ್ಯ ವಾಲಿಕೊಂಡು, ದಿಗಂತದ ಗುಂಟ ಜಾರಿದ ಹಾಗೆ ದಕ್ಷಿಣಕ್ಕೆ ಬರುತ್ತಾನೆ. ನಮ್ಮಲ್ಲಿ ಪೂರ್ವದಲ್ಲಿ ಹುಟ್ಟಿ ನೆಟ್ಟಗೆ ನೆತ್ತಿಗೆ ಏರುತ್ತಾನೆ. ಸೆಪ್ಟೆಂಬರಿನಲ್ಲಿ ಒಂಬತ್ತು ಗಂಟೆಯಾದರೂ ಅವನು ಹೆಚ್ಚುಕಮ್ಮಿ ಪೂರ್ವದಲ್ಲೇ ಇರುತ್ತಾನೆ, ಬದಲಾಗಿರುವುದು ಮುಖ್ಯವಾಗಿ ಎತ್ತರ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗಂತೂ ಮಧ್ಯಾಹ್ನದ ಸೂರ್ಯ ತುಮಕೂರಿಗೆ ಉತ್ತರದಲ್ಲಿ, ಆಗ ವಾಚು ನಂಬಿ ನಡೆದರೆ ಶಿರಾಕ್ಕೆ ಹೊರಟವನು ಕುಣಿಗಲ್ ಸೇರುತ್ತಾನೆ. ಇನ್ನೂ ಒಂದಿದೆ. ನಮ್ಮ ದೇಶದ ಸಮಯ 82.5 ಡಿಗ್ರಿ ರೇಖಾಂಶದ್ದು. ನಾವು ಅದಕ್ಕೆ ಪಶ್ಚಿಮದಲ್ಲಿರುವುದರಿಂದ ನಮ್ಮ ಸೂರ್ಯ ಸರಾಸರಿ 22 ನಿಮಿಷ ತಡ. ಡಿಸೆಂಬರಿನಲ್ಲಿ, ಸೂರ್ಯ ದಕ್ಷಿಣಕ್ಕೆ ವಾಲಿದಾಗ, ಆ 22 ನಿಮಿಷ ಕಳೆದು ಬೆಳಗಿನ ಒಂಬತ್ತೂವರೆಗೆ ಮತ್ತೆ ಹಿಡಿದೆ. ಈ ಸಲ ಬೇವಿನ ಮರ ಸಿಕ್ಕಿತು, ಅದರ ಕೊಂಬೆಯಾದರೂ.

ದಿಕ್ಕಿಗೆ ಆಗದಿದ್ದರೂ ರಾತ್ರಿಗೆ ಆಯಿತು. ರಾತ್ರಿ ಪಾಳಿಯಲ್ಲಿ ಬೇರೆ ವಾಚು ನೋಡಿದರೆ ಎರಡೂವರೆ ಅನ್ನುತ್ತದೆ. ಮಧ್ಯಾಹ್ನ ಊಟ ಮಾಡಿ ಎಲೆ ಅಡಿಕೆ ಹಾಕುವ ಎರಡೂವರೆಗೂ ಅದೇ ಭಂಗಿ. ಪಕೇಟಾದಲ್ಲಿ ಅವೆರಡೂ ಎದುರುಬದುರು. ಒಂದು ನೆತ್ತಿಯ ಬಲಕ್ಕೆ, ಇನ್ನೊಂದು ಬುಡದ ಎಡಕ್ಕೆ. ನಮ್ಮ ಹಿರಿಯರು ದಿನಕ್ಕೆ ಎಂಟು ಜಾವ ಅಂತ ಎಣಿಸಿದ್ದು ಈ ಡಯಲ್ ಮೇಲೆ ಚೆನ್ನಾಗಿ ಕೂರುತ್ತದೆ, ಹೋಳಿಗೆ ಎಂಟು ತುಂಡು ಮಾಡಿದ ಹಾಗೆ. 18ರಿಂದ 21 ಮೊದಲನೇ ಜಾವ. ಮನೆಮನೆಯ ದೀಪ, ಟಿವಿ, ಮಿಕ್ಸಿ, ಲೋಡು ಏರುವ ಹೊತ್ತು. ಎರಡನೇ ಜಾವದಲ್ಲಿ ಪಾಳಿ ಬದಲಿ. ಮೂರನೆಯದು ಕೆಟ್ಟದ್ದು. ಆಗ ಐಪಿ ಸೆಟ್, ಅಂದರೆ ರೈತರ ಪಂಪ್‌ಸೆಟ್, ಫೀಡರುಗಳಿಗೆ ತ್ರೀ ಫೇಸ್ ಕೊಡುವ ಸರದಿ ಬಂದರೆ ಮೀಟರಿನ ಮುಳ್ಳು ಏರಿದ್ದು ನೋಡಿ ಯಾವುದೋ ಹೊಲದಲ್ಲಿ ಯಾರೋ ಟಾರ್ಚು ಹಿಡಿದು ಮೋಟರು ಹಾಕಲು ಎದ್ದರು ಅಂದುಕೊಳ್ಳುತ್ತೇನೆ. ಬರದಿದ್ದರೆ ಬರೀ ಟ್ರಾನ್ಸ್‌ಫಾರ್ಮರಿನ ಗುಂಯ್ ಸದ್ದು, ಕಣ್ಣು ಎಳೆಯುತ್ತದೆ. ಕೊನೆಯದು ಬೆಳಗಿನ ಜಾವ. ಮುಳ್ಳು 24 ದಾಟಿ ಬಲಕ್ಕೆ ಇಳಿಯುತ್ತ 6ರ ಕಡೆ ಹೊರಟಿದ್ದು ಕಾಣುವಾಗ ರಾತ್ರಿ ಇನ್ನೆಷ್ಟು ದೂರ ಅನ್ನುವುದು ಕಣ್ಣಳತೆಗೇ ಸಿಗುತ್ತದೆ.

ಅಮ್ಮನಿಗೆ ಮಾತ್ರ ಈ ವಾಚಿನ ಮೇಲೆ ನಂಬಿಕೆಯಿಲ್ಲ. "ಲೋ, ರಾಹುಕಾಲ ಬಿಡ್ತೇನೋ ನೋಡು" ಅಂದಾಗ ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ಅಂತ ಡಯಲ್ ಮೇಲೆ ಬೆರಳಿಟ್ಟು ತೋರಿಸಿದರೆ, "ಹನ್ನೆರಡು ಕೆಳಗಿರೋ ಗಡಿಯಾರದಲ್ಲಿ ರಾಹುಕಾಲ ಎಂಥದ್ದು" ಅಂತ ಗೋಡೆ ಗಡಿಯಾರ ನೋಡಲು ಎದ್ದು ಹೋಗುತ್ತಾಳೆ.

ಈಗ ಅದು ದಿನಕ್ಕೆ ಸುಮಾರು ನಲವತ್ತು ಸೆಕೆಂಡು ಮುಂದೆ. ಹಳೇ ಯಂತ್ರಕ್ಕೆ ಅಷ್ಟು ಸಾಕು. ಒಮ್ಮೆ ಪೂರಾ ಕೀ ಕೊಟ್ಟರೆ ಒಂದೂವರೆ ದಿನ ಓಡುತ್ತದೆ, ಆದರೂ ದಿನಾ ಪಾಳಿಗೆ ಹೊರಡುವ ಮುಂಚೆ ಕೀ ಕೊಡುತ್ತೇನೆ. ಪಾಳಿ ಬದಲಾದ ವಾರ ಕೀ ಕೊಡುವ ಹೊತ್ತೂ ಬದಲಾಗುತ್ತದೆ, ಅದಕ್ಕೆ ವಾಚಿನ ತಕರಾರಿಲ್ಲ.

ಮೂರು ಪಾಳಿ ಅಂದರೆ ಡಯಲ್ಲಿನ ಮೂರು ಸಮ ಹೋಳು ಅನ್ನುವುದನ್ನು ಮೊದಲು ಕಂಡುಕೊಂಡವಳು ಮಗಳು. ಡ್ರಾಯಿಂಗ್ ಹಾಳೆಯಲ್ಲಿ ಊಟದ ತಟ್ಟೆಯಷ್ಟು ವೃತ್ತ ಕತ್ತರಿಸಿ, ಮೂರು ಹೋಳಿಗೆ ಬಣ್ಣ ಹಚ್ಚಿ, ಕ್ಯಾಲೆಂಡರಿನ ಪಕ್ಕ ಮೊಳೆಗೆ ಸಿಕ್ಕಿಸಿದಳು. ಹಿಂದೆ ಗೋಡೆಗೆ ಪೆನ್ಸಿಲಿನಲ್ಲಿ 24, 6, 12, 18. ಕೆಂಪು ಅಂದರೆ ಅಪ್ಪ ಸ್ಟೇಷನ್ನಿನಲ್ಲಿ, ನೀಲಿ ಅಂದರೆ ಮಲಗಿದ್ದಾನೆ, ಹಸಿರು ಅಂದರೆ ಸಿಗುತ್ತಾನೆ. ಪಾಳಿ ಬದಲಾದಾಗ ಹಾಳೆ ಒಂದು ಹೋಳು ತಿರುಗಿಸಿದರಾಯಿತು ಅಂತ ಅವಳ ಲೆಕ್ಕ. ರಾತ್ರಿ ಪಾಳಿಗೆ ಸರಿಹೋಯಿತು, ಎರಡನೇ ಪಾಳಿಗೂ ಸರಿಹೋಯಿತು. ಮೊದಲ ಪಾಳಿಯ ವಾರ ತಿರುಗಿಸಿದರೆ ನಾನು ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರವರೆಗೆ ಮಲಗಿ, ರಾತ್ರಿಯೆಲ್ಲ ಆಟಕ್ಕೆ ಸಿಗುತ್ತೇನೆ ಅಂತ ಬಂತು. ಎರಡು ದಿನ ತಲೆ ಕೆಡಿಸಿಕೊಂಡು, ಹಾಳೆ ಮಗುಚಿ ಹಿಂಬದಿಗೂ ಅದೇ ಹೋಳುಗಳಿಗೆ ಅದದೇ ಬಣ್ಣ ಹಚ್ಚಿದಳು. ಮಗುಚಿದರೆ ಸುತ್ತುವ ಕ್ರಮ ತಿರುವುಮುರುವಾಗುತ್ತದಲ್ಲ, ಸರಿಹೋಯಿತು.

ಎರಡನೇ ಪಾಳಿಯ ವಾರ ಹಸಿರು ಹೋಳು 6ರಿಂದ 14ರವರೆಗೆ, ಸರಿಯಾಗಿ ಅವಳ ಸ್ಕೂಲಿನ ಹೊತ್ತಿಗೆ ಬಂದು ನಿಲ್ಲುತ್ತದೆ. ಆ ವಾರ ಹಾಳೆ ತಿರುಗಿಸಲು ಅವಳಿಗೆ ಇಷ್ಟವಿಲ್ಲ. ಸೋಮವಾರ ಕೆಲಸಕ್ಕೆ ಹೊರಡುವ ಮುಂಚೆ, ಕೀ ಕೊಟ್ಟಾದ ಮೇಲೆ, ನಾನೇ ತಿರುಗಿಸಿ ಹೋಗುತ್ತೇನೆ.